ಮೆಟ್ಟಿಲ ಪ್ರಾಕ್ಟೀಸು

ಗಾಳಿ ಎಲ್ಲರದೂ ಎಂದು ಕಂಪನಿಯವರು ಊರಬಾಗಿಲಲ್ಲಿ ದೊಡ್ಡ ಬೋರ್ಡು ಬರೆಸಿ ನಿಲ್ಲಿಸಿದ್ದರು. ಗುಡ್ಡದ ಮೆಟ್ಟಿಲು ಯಾರದು ಎಂದು ಯಾರೂ ಎಲ್ಲೂ ಬರೆಸಿರಲಿಲ್ಲ. ಬರೆಸದೆಯೇ ಎಲ್ಲರಿಗೂ ಗೊತ್ತಿತ್ತು.

ದಾಬಸ್‌ಪೇಟೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಬಿಳಿಗಲ್ಲಹಳ್ಳಿಯ ಗುಡ್ಡ ಅದು. ನೆತ್ತಿಯಲ್ಲಿ ತಿಮ್ಮರಾಯನ ಗುಡಿ. ಊರ ಕಡೆಯಿಂದ ಗುಡಿಗೆ ಅಗಲವಾದ ಕಲ್ಲಿನ ಮೆಟ್ಟಿಲು. ಹಿಡಿದುಕೊಳ್ಳಲು ಕಬ್ಬಿಣದ ಕಂಬಿ, ನಡುವೆ ಕೂತು ದಣಿವಾರಿಸಿಕೊಳ್ಳಲು ಹಾಸುಗಲ್ಲು, ಪಕ್ಕದಲ್ಲಿ ಒಂದು ನಲ್ಲಿ. ಕಾಲೋನಿಯ ಹೊಲೆಯರು ಆ ಮೆಟ್ಟಿಲು ಹತ್ತುವಂತಿಲ್ಲ. ಅವರಿಗೆ ಗುಡ್ಡದ ಹಿಂಬದಿಯಿತ್ತು. ಬಂಡೆ, ಲಂಟಾನದ ಪೊದೆ, ಮಳೆ ಕೊರೆದ ಕೊರಕಲು. ಇವಿಷ್ಟನ್ನೂ ಸೇರಿಸಿ ದಾರಿ ಎಂದು ಕರೆಯುತ್ತಿದ್ದರು.

ಗುಡ್ಡದ ಮೇಲೆ ಕಾಲೋನಿಯವರಿಗೇನು ಕೆಲಸ? ಬಹಳ ಕಾಲ ಏನೂ ಇರಲಿಲ್ಲ. ಆಮೇಲೆ ಗಾಳಿ ಬಂತು.

ಗಾಳಿ ಮೊದಲೂ ಬೀಸುತ್ತಿತ್ತು. ಅದಕ್ಕೆ ಸಾಲ ಕೊಡುವವರು ಇರಲಿಲ್ಲ, ಅಷ್ಟೇ. ಚಿತ್ರದುರ್ಗದ ಕಡೆಯ ಗುಡ್ಡಗಳನ್ನು ದೊಡ್ಡ ಕಂಪನಿಗಳು ಹಿಡಿದುಕೊಂಡ ಮೇಲೆ ಒಂದು ಸಣ್ಣ ಕಂಪನಿ ಮಿಕ್ಕಿದ್ದನ್ನು ಹುಡುಕುತ್ತ ಇತ್ತ ಬಂದಿತ್ತು. ಗುಡ್ಡದ ಬೆನ್ನಿನ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಆರು ದೊಡ್ಡ ಫ್ಯಾನು ನಿಲ್ಲಿಸುತ್ತೇವೆ ಎಂದಿತು. ಕಂಪನಿಯ ಹತ್ತಿರ ಫ್ಯಾನೂ ಇರಲಿಲ್ಲ, ಫ್ಯಾನು ಕೊಳ್ಳಲು ದುಡ್ಡೂ ಇರಲಿಲ್ಲ. ಇದ್ದದ್ದು ನವೀನ್‌ಕುಮಾರ್ ಎಂಬ ಒಬ್ಬ ಮ್ಯಾನೇಜರು, ಒಂದು ಬಿಳಿ ಜೀಪು, ಗಾಳಿ ಅಳೆಯುವ ಒಂದು ಕಂಬ. ಕಂಬ ವರ್ಷವಿಡೀ ಗಾಳಿ ಅಳೆಯಬೇಕು. ಅದನ್ನು ಬ್ಯಾಂಕಿಗೆ ತೋರಿಸಬೇಕು. ಬ್ಯಾಂಕು ನಂಬಿ ಸಾಲ ಕೊಡಬೇಕು. ಆ ಸಾಲದಲ್ಲಿ ರಸ್ತೆ, ಫ್ಯಾನು, ಎಲ್ಲ. ಬ್ಯಾಂಕು ಒಂದು ಕಂಬದ ಮಾತನ್ನು ನಂಬಲಿಲ್ಲ. ಗುಡಿಯ ಹಿಂದೆ ಇನ್ನೊಂದು ಹಾಕಿ, ಅದೂ ಅದನ್ನೇ ಹೇಳುತ್ತದಾ ನೋಡೋಣ ಎಂದಿತು.

"ಸಾಕ್ಷಿ ಇಬ್ರು ಬೇಕಲ್ಲಕ್ಕಾ," ಎಂದಿದ್ದ ಸಿದ್ದರಾಜು. "ಒಂದೇ ಕಂಬ ಆದ್ರೆ ಕಂಪನಿಯೋರು ಎಣ್ಣೆ ಕುಡಿಸಿ ಸುಳ್ಳು ಹೇಳಿಸ್ಬೋದು."

ಸಿದ್ದರಾಜು ಅಂಜಿನಮ್ಮನ ತಮ್ಮ. ಎರಡನೇ ಕಂಬದ ಬುಡಕ್ಕೆ ಬೇಕಾದ ಸಿಮೆಂಟು, ಮರಳು, ಜಲ್ಲಿ, ನೀರು ಎಲ್ಲವೂ ತಲೆಯ ಮೇಲೆಯೇ ಹೋಗಬೇಕಿತ್ತು. ಸಾಲ ಬರುವ ತನಕ ರಸ್ತೆಯಿಲ್ಲ. ಕಾಲೋನಿಯ ಹತ್ತೆಂಟು ಹೆಂಗಸರು, ನಾಕಾರು ಗಂಡಸರು ಹೊತ್ತರು. ಅಂಜಿನಮ್ಮ ಅವರ ಮೇಸ್ತ್ರಿ. ಸೋಂಪುರದ ಕಾರ್ಖಾನೆಗಳು ಏಳುವಾಗ ಇಟ್ಟಿಗೆ ಹೊತ್ತು ಹೊತ್ತು ಅವಳ ನೆತ್ತಿಯಲ್ಲಿ ಸಿಂಬೆ ಕೂರುವಷ್ಟು ಜಾಗದಲ್ಲಿ ಕೂದಲು ಎಂದೋ ಸವೆದಿತ್ತು. ಮಂಡಿಗಳು ಹತ್ತುವಾಗ ಒಂದು ಸದ್ದು, ಇಳಿಯುವಾಗ ಇನ್ನೊಂದು ಸದ್ದು ಮಾಡುತ್ತಿದ್ದವು.

ಕಬ್ಬಿಣದ ಸರಳು ಮಾತ್ರ ತಲೆಯ ಮೇಲೆ ಹೋಗಲಿಲ್ಲ. ಅದಕ್ಕೆ ಕಂಟ್ರಾಕ್ಟರು ಕತ್ತೆ ತರಿಸಿದ. ಕತ್ತೆಗಳು ಮೆಟ್ಟಿಲ ಮೇಲೆ ಹೋದವು. ಹಾಸುಗಲ್ಲಿನ ಹತ್ತಿರ ನಿಂತು ಲದ್ದಿ ಹಾಕಿದವು. ಹಿಂಬದಿಯ ಬಂಡೆಯಿಂದ ಹೆಂಗಸರು ಅದನ್ನು ನೋಡಿದರು. ಯಾರೂ ಏನೂ ಹೇಳಲಿಲ್ಲ. ತಲೆಯ ಮೇಲೆ ಬಾಂಡ್ಲಿ ಇದ್ದಾಗ ಮಾತಾಡಿದರೆ ಕುತ್ತಿಗೆ ಹಿಡಿದುಕೊಳ್ಳುತ್ತದೆ.

ಒಂದು ಶುಕ್ರವಾರ ಮಧ್ಯಾಹ್ನ ಸಿದ್ದರಾಜು ಜಾರಿದ. ಹೆಗಲ ಮೇಲೆ ಇಡೀ ಮೂಟೆ ಸಿಮೆಂಟಿತ್ತು. ಕೊರಕಲಿನ ಅಂಚಿನಿಂದ ಬಿದ್ದ. ಮೂಟೆ ಅವನ ಪಕ್ಕದಲ್ಲಿ ಒಡೆಯಿತು. ಸೊಂಟ ಅದಕ್ಕೂ ಮುಂಚೆ ಒಡೆದಿತ್ತು. ಬಿದ್ದದ್ದು ನೆತ್ತಿಗೆ ಹತ್ತಿರ. ಗುಡಿಯ ಅಂಗಳ ದಾಟಿದರೆ ಮೆಟ್ಟಿಲು, ಮೆಟ್ಟಿಲಿಳಿದರೆ ಜೀಪು, ಜೀಪು ಹತ್ತಿದರೆ ಆಸ್ಪತ್ರೆ. ಅಂಜಿನಮ್ಮ ಓಡಿದಳು. ಮೆಟ್ಟಿಲ ತಲೆಯಲ್ಲಿ ಹನುಮಂತರಾಯಪ್ಪ ನಿಂತಿದ್ದ. ಗುಡಿಯ ಯಜಮಾನಿಕೆ ಅವನದು. ಆರು ಫ್ಯಾನಿನಲ್ಲಿ ನಾಲ್ಕು ನಿಲ್ಲುವ ಜಮೀನೂ ಅವನದು.

"ಯಜಮಾನ್ರೇ, ತಮ್ಮ ಬಿದ್ಬಿಟ್ಟವ್ನೆ. ಸೊಂಟ ಮುರ್ದೋಗೈತೆ. ಮೆಟ್ಲಲ್ಲಿ ಇಳಿಸ್ಕೊಂಡೋಗ್ತೀವಿ."

"ನಾಳೆ ಶನಿವಾರ ಕಣಮ್ಮಾ," ಎಂದ ಹನುಮಂತರಾಯಪ್ಪ. "ಮೆಟ್ಲು ತೊಳ್ಸಾಗೈತೆ."

ಕೂಗಲಿಲ್ಲ. ಬೈಯಲಿಲ್ಲ. ಅಂಗಡಿ ಮುಚ್ಚಿದೆ ಎಂದು ಹೇಳುವವನ ಹಾಗೆ ಹೇಳಿದ.

ಕಂಬಳಿಯಲ್ಲಿ ಹಾಕಿಕೊಂಡು ಹಿಂಬದಿಯಿಂದಲೇ ಇಳಿಸಿದರು. ಪ್ರತಿ ಬಂಡೆಗೂ ಸಿದ್ದರಾಜು ಕೂಗಿದ. ಅರ್ಧ ದಾರಿ ಕಳೆದ ಮೇಲೆ ಕೂಗುವುದನ್ನು ನಿಲ್ಲಿಸಿದ. ಅಂಜಿನಮ್ಮನಿಗೆ ಕೂಗಿಗಿಂತ ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

ಆಸ್ಪತ್ರೆಯಿಂದ ಬಂದ ಮೇಲೆ ನವೀನ್‌ಕುಮಾರ್ ನೋಡಲು ಬಂದ. ಸೇಬು ತಂದಿದ್ದ. ಪಾಪ, ಬಹಳ ಮರ್ಯಾದೆಯ ಹುಡುಗ.

"ನಮ್ ಕಂಪನೀಲಿ ಸಾಮಾನು ಸಾಗ್ಸೋಕೆ ಮಂಜೂರಾಗಿರೋ ದಾರಿ ಮೆಟ್ಟಿಲೇ ಕಣಮ್ಮಾ. ಇವ್ರು ಆ ಕಡೆ ಯಾಕೆ ಹೋದ್ರು? ದಾರಿ ಬಿಟ್ಟು ಹೋಗಿ ಬಿದ್ರೆ ಕಂಪನಿ ಏನ್ ಮಾಡೋಕಾಗುತ್ತೆ, ನೀವೇ ಹೇಳಿ."

ಮಂಚದ ಮೇಲಿಂದ ಸಿದ್ದರಾಜು ಹೇಳಿದ. "ಗಾಳಿ ಚೆನ್ನಾಗಿತ್ತು ಸಾರ್ ಆ ಕಡೆ. ತಿರುಗಾಡ್ಕೊಂಡ್ ಬರೋಣ ಅಂತ ಹೋಗಿದ್ದೆ."

ಇದಾದ ಕೆಲವು ದಿನಕ್ಕೆ ಚೈತ್ರ ಬಂದಳು. ದೊಡ್ಡಬಳ್ಳಾಪುರದ ಹುಡುಗಿ. ಊರವರ ಹತ್ತಿರ ಮಾತಾಡಲೆಂದೇ ಕಂಪನಿ ಅವಳನ್ನು ಇಟ್ಟುಕೊಂಡಿತ್ತು. ಸಾಲ ಕೊಡುವ ಮುಂಚೆ ಬ್ಯಾಂಕಿನ ಕಡೆಯಿಂದ ದಿಲ್ಲಿಯ ಮೇಡಂ ಒಬ್ಬರು ಊರು ನೋಡಲು ಬರುತ್ತಾರೆ, ಎಲ್ಲ ಜಾತಿಯವರನ್ನೂ ಒಂದೇ ರೀತಿ ನಡೆಸಿಕೊಂಡಿದ್ದೀರಾ ಎಂದು ಕೇಳುತ್ತಾರೆ ಎಂದಳು.

"ನೀವು ಯಾವ ದಾರೀಲಿ ಸಾಮಾನು ಹೊರ್ತೀರಾ ಅಂತ ಕೇಳಿದ್ರೆ, ಮೆಟ್ಟಿಲ ಮೇಲೆ ಅನ್ಬೇಕು. ಅಷ್ಟೇ ಅಮ್ಮ."

ಅಂಜಿನಮ್ಮ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ಕಣ್ಣೆತ್ತಲಿಲ್ಲ.

"ಅಂದ್ಬಿಡಾನ. ಅದುಕ್ಕೇನ್. ಆದ್ರೆ ಅವ್ವಾ, ಆಯಮ್ಮ ಓದಿರೋಳು. ನಲ್ಲಿ ಎಡಕ್ಕೈತಾ ಬಲಕ್ಕೈತಾ ಅಂದ್ರೆ?"

ಚೈತ್ರ ಗುಡ್ಡದ ಕಡೆ ತಿರುಗಿ ನೋಡಿದಳು.

"ಕಂಬಿ ಎಲ್ಲೀಗಂಟ ಐತೆ ಅಂದ್ರೆ? ನಾವು ಹುಟ್ಟಿದಾಗಿಂದ ಆ ಮೆಟ್ಲು ತುಳಿದಿಲ್ಲ. ನಾಲ್ಗೆ ತಡವರ್ಸಲ್ವಾ?"

"ಹಂಗಾದ್ರೆ ಏನ್ ಮಾಡೋದು?"

"ನೀನೇ ಹೇಳು. ನಿಮ್ ಸ್ಕೂಲ್‌ನಾಗೆ ಡ್ಯಾನ್ಸ್ ಮಾಡೋಕ್ ಮುಂಚೆ ಏನೋ ಮಾಡಿಸ್ತಾರಲ್ಲ."

"ಪ್ರಾಕ್ಟೀಸು," ಎಂದಳು ಚೈತ್ರ. ಹೇಳಿದ ಮೇಲೆ ತಾನೇನು ಹೇಳಿದೆ ಎಂದು ಅವಳಿಗೆ ಗೊತ್ತಾಯಿತು. ಅಷ್ಟರಲ್ಲಿ ಮಂಚದಿಂದ ಸಿದ್ದರಾಜು ಚಪ್ಪಾಳೆ ತಟ್ಟಿದ್ದ.

ಹನುಮಂತರಾಯಪ್ಪನನ್ನು ಒಪ್ಪಿಸಲು ನವೀನ್‌ಕುಮಾರನ ಜೀಪು ಎರಡು ಸಲ ಅವನ ಮನೆಗೆ ಹೋಗಬೇಕಾಯಿತು. ಸಾಲ ಬರದಿದ್ದರೆ ಫ್ಯಾನಿಲ್ಲ, ಫ್ಯಾನಿಲ್ಲದಿದ್ದರೆ ಜಮೀನಿನ ಬಾಡಿಗೆಯಿಲ್ಲ. ಹನುಮಂತರಾಯಪ್ಪ ಕಷಾಯ ಕುಡಿದವನಂತೆ ಮುಖ ಮಾಡಿದ. "ಆಯಮ್ಮ ಬಂದೋಗೋ ತನಕ. ಆಮೇಲೆ ನಾನು ಮೆಟ್ಲು ತೊಳಿಸ್ಕೊತೀನಿ."

ಪ್ರಾಕ್ಟೀಸು ಶುರುವಾಯಿತು.

ಮೊದಲ ದಿನ ಹೆಂಗಸರು ಮೊದಲ ಮೆಟ್ಟಿಲ ಮುಂದೆ ನಿಂತುಬಿಟ್ಟರು. ಯಾರೂ ತಡೆಯಲಿಲ್ಲ. ಆದರೂ ಕಾಲು ಎತ್ತಲಾಗಲಿಲ್ಲ. ಅಂಜಿನಮ್ಮನಿಗೆ ತನ್ನ ಕಾಲಿನ ಮೇಲೇ ಕೋಪ ಬಂತು. ಇಷ್ಟು ದಿನ ಹನುಮಂತರಾಯಪ್ಪ ಹಾಕಿದ್ದು ಎಂದುಕೊಂಡಿದ್ದ ಬೇಲಿ ತನ್ನ ಮಂಡಿಯೊಳಗೂ ಇತ್ತಲ್ಲ ಎಂದು. ಕಾಲನ್ನು ಕೈಯಲ್ಲಿ ಹಿಡಿದು ಎತ್ತಿಟ್ಟಳು. ಹೆಂಗಸರು ನಕ್ಕರು. ನಗುತ್ತಲೇ ಹತ್ತಿದರು. ಮೇಲೆ ಚೈತ್ರ ಬ್ಯಾಂಕಿನ ಮೇಡಂ ಆಗಿ ನಿಂತಿದ್ದಳು.

"ಯಾವ ದಾರೀಲಿ ಬರ್ತೀರಾ?"

"ಮೆಟ್ಲು ದಾರೀಲಿ ಮೇಡಂ!"

"ಎಲ್ರೂ ಒಟ್ಟಿಗೆ ಕೂಗ್ಬೇಡಿ. ಹೇಳ್ಕೊಟ್ಟಂಗಿರುತ್ತೆ."

"ಹೇಳ್ಕೊಟ್ಟಿಲ್ವಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಸಂಜೆ ಸಿದ್ದರಾಜುವಿನ ಮಂಚದ ಸುತ್ತ ಎಲ್ಲರೂ ಕೂರುತ್ತಿದ್ದರು. ಬಿದ್ದಲ್ಲೇ ಬಿದ್ದುಕೊಂಡು ಅವನಿಗೆ ತಲೆ ಓಡುತ್ತಿತ್ತು. "ಅಕ್ಕಾ, ಬರಿಗೈಲಿ ಹತ್ತಿದ್ರೆ ಏನ್ ಚೆಂದ? ಹೊತ್ಕೊಂಡು ಹೆಂಗ್ ಹತ್ತೀರಿ ಅಂತ ಕೇಳ್ತಾಳೆ ಆಯಮ್ಮ." ಮಾರನೇ ದಿನದಿಂದ ಸಿಮೆಂಟು ಮೆಟ್ಟಿಲ ಮೇಲೆ ಹೋಯಿತು. "ದಣಿವಾದ್ರೆ ಎಲ್ಲಿ ಕೂರ್ತೀರಿ ಅಂದ್ರೆ?" ಹಾಸುಗಲ್ಲಿನ ಮೇಲೆ ಕೂತರು. "ಬಾಯಾರಿದ್ರೆ?" ನಲ್ಲಿ ತಿರುಗಿಸಿದರು. ನೀರು ಸಪ್ಪೆಯಿತ್ತು. ಇಷ್ಟಕ್ಕಾ ಇವ್ರು ಇಷ್ಟು ದಿನ ಬಡ್ಕೊಂಡಿದ್ದು ಎಂದು ಒಬ್ಬಳು ಉಗಿದಳು.

ಮೇಡಂ ಬರಲಿಲ್ಲ. ವಿಮಾನ ಸಿಗಲಿಲ್ಲವಂತೆ. ಪ್ರಾಕ್ಟೀಸು ಮುಂದುವರಿಯಿತು. ಆಮೇಲೆ ಬ್ಯಾಂಕಿನಲ್ಲಿ ಮಾರ್ಚಿ ತಿಂಗಳ ಲೆಕ್ಕವಂತೆ. ಪ್ರಾಕ್ಟೀಸು ಮುಂದುವರಿಯಿತು. ಅಂಜಿನಮ್ಮ ಚೈತ್ರಳ ಹತ್ತಿರ ಹೋಗಿ ಬಹಳ ಮೆಲ್ಲಗೆ, "ಆಯಮ್ಮ ಶನಿವಾರವೇ ಬಂದ್ರೆ ಏನವ್ವಾ ಮಾಡೋದು?" ಎಂದಳು. ಶನಿವಾರವೂ ಹತ್ತಿದರು. ತೊಳೆಸಿದ ಮೆಟ್ಟಿಲ ಮೇಲೆ ಹೆಂಗಸರ ಒದ್ದೆ ಹೆಜ್ಜೆಗಳು ನೆತ್ತಿಯವರೆಗೂ ಹೋದವು. ಹನುಮಂತರಾಯಪ್ಪ ಆ ದಿನ ಊಟ ಬಿಟ್ಟನಂತೆ.

ಎರಡನೇ ಕಂಬ ಎದ್ದಿತು. ಕಂಬವನ್ನು ಎಳೆದು ಹಿಡಿಯುವ ತಂತಿಗಳನ್ನು ಸದ್ಯಕ್ಕೆ ಗೂಟಕ್ಕೆ ಕಟ್ಟಿದ್ದರು, ಕಾಂಕ್ರೀಟು ಗುಂಡಿ ಬಾಕಿಯಿತ್ತು. ಅದರ ಮೇಲೆ ಫ್ಯಾನಿನ ಕೆಲಸ ಶುರುವಾದರೆ ಎರಡು ವರ್ಷದ ಕೂಲಿ.

ಒಂದು ದಿನ ಅಂಜಿನಮ್ಮ ಇಳಿದು ಬರುವಾಗ ಮೆಟ್ಟಿಲ ಬುಡದ ಮಂಟಪದಲ್ಲಿ ಹೊಸ ಕಬ್ಬಿಣದ ಗೇಟು ಒರಗಿಸಿಟ್ಟಿತ್ತು. ದಾಬಸ್‌ಪೇಟೆಯಲ್ಲಿ ಮಾಡಿಸಿದ್ದು. ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ಗೇಟಿನ ನೆತ್ತಿಗೆ ಚೂಪು ಬಾಣಗಳು. ಒಳಗೆ ಹನುಮಂತರಾಯಪ್ಪ ನವೀನ್‌ಕುಮಾರನಿಗೆ ಹೇಳುತ್ತಿದ್ದ. "ನೀವು ಆಯಮ್ಮನ್ನ ಬೇಗ ಕರ್ಕೊಂಡ್ ಬಂದು ಕಳಿಸ್ರಿ. ಆಯಮ್ಮನ ಕಾರು ಹೈವೇ ಮುಟ್ಟೋದ್ರೊಳ್ಗೆ ಇದು ನಿಂತಿರ್ತೈತೆ."

ನವೀನ್‌ಕುಮಾರ್ ನಕ್ಕ. ಬೇಡ ಅನ್ನಲಿಲ್ಲ.

ಆ ಸಂಜೆ ಮಂಚದ ಸುತ್ತ ನಗುವಿರಲಿಲ್ಲ. ಹೇಳಿಕೊಟ್ಟಿದ್ದನ್ನೇ ಹೇಳಿದರೆ ಸಾಲ ಬರುತ್ತದೆ, ಗೇಟು ನಿಲ್ಲುತ್ತದೆ, ರಸ್ತೆಯಾಗುವ ತನಕ ಮತ್ತೆ ಹಿಂಬದಿಯ ಕೊರಕಲು. ಸಿದ್ದರಾಜು ತಿರುಗಾಡಲು ಹೋಗಿ ಬಿದ್ದವನಾಗಿಯೇ ಉಳಿಯುತ್ತಾನೆ. ನಿಜ ಹೇಳಿದರೆ ಸಾಲವೂ ಇಲ್ಲ, ಕೂಲಿಯೂ ಇಲ್ಲ, ಮೆಟ್ಟಿಲೂ ಇಲ್ಲ.

"ಬಾಯ್ ಮುಚ್ಕೊಂಡು ಹೇಳ್ಕೊಟ್ಟಿದ್ದು ಹೇಳ್ಬಿಡಾನ ಕಣಕ್ಕಾ," ಎಂದಳು ಕೀರ್ತನ. ಅವಳಿಗೆ ಬಾಣಂತನ ಮುಗಿದು ಮೂರೇ ತಿಂಗಳಾಗಿತ್ತು. "ಹಿಂದ್ಗಡೆ ದಾರಿ ನಮ್ಗೇನ್ ಹೊಸ್ದಾ?"

"ಹೊಸ್ದಲ್ಲ," ಎಂದಳು ಅಂಜಿನಮ್ಮ. "ಅದುಕ್ಕೇ ಉರಿಯೋದು."

ಮೇಡಂ ಕೊನೆಗೂ ಬಂದರು. ಗಿಡ್ಡ ಕೂದಲು, ಮಂಡಿಗೆ ಪಟ್ಟಿ. ಪ್ರತಿ ಹತ್ತು ಮೆಟ್ಟಿಲಿಗೂ ನಿಂತು ಉಸಿರು ಬಿಡುತ್ತಿದ್ದರು. ಮೇಲೆ ಶಾಮಿಯಾನ, ಕುರ್ಚಿ, ಮಲ್ಲಿಗೆ ಹಾರ. ಕಾಲೋನಿಯ ಹೆಂಗಸರಿಗೂ ಕುರ್ಚಿ. ಹನುಮಂತರಾಯಪ್ಪ ತಾನೇ ಸ್ಟೀಲು ಲೋಟದಲ್ಲಿ ಎಲ್ಲರಿಗೂ ಮಜ್ಜಿಗೆ ಕೊಟ್ಟ. ಅಂಜಿನಮ್ಮನಿಗೆ ಕೊಡುವಾಗ ಬೆರಳು ತಾಕದ ಹಾಗೆ ಲೋಟದ ಅಂಚು ಹಿಡಿದು ಅರ್ಧ ಚೆಲ್ಲಿದ. ಉಳಿದರ್ಧವನ್ನು ಅವಳು ಬಹಳ ನಿಧಾನವಾಗಿ ಕುಡಿದಳು. ಫೋಟೋ ತೆಗೆಯುವವನಿಗೆ ಬೇಕಾದಷ್ಟು ಹೊತ್ತು ಸಿಕ್ಕಿತು.

ಮೇಡಂ ಹಿಂದಿಯಲ್ಲಿ ಕೇಳಿದರು. ಇವತ್ತು ಎಚ್ಚರಿಕೆಗೆ ನವೀನ್‌ಕುಮಾರನೇ ಕನ್ನಡ ಮಾಡಿದ. "ಅಮ್ಮಾ, ನೀವು ಸಾಮಾನು ಹೊರೋದು ಯಾವ ದಾರೀಲಿ ಅಂತ ಕೇಳ್ತಾವ್ರೆ."

ಹೆಂಗಸರು ಅಂಜಿನಮ್ಮನನ್ನು ನೋಡಿದರು. ಕೀರ್ತನ ಸೆರಗು ಬಾಯಿಗೆ ಹಿಡಿದಳು.

"ಮೆಟ್ಲು ದಾರೀಲಿ," ಎಂದಳು ಅಂಜಿನಮ್ಮ.

ನವೀನ್‌ಕುಮಾರ್ ಉಸಿರು ಬಿಟ್ಟ. ಅವಳು ಲೋಟವನ್ನು ಕುರ್ಚಿಯ ಕೆಳಗಿಟ್ಟಳು.

"ಆದ್ರೆ ಇನ್ನೂ ಪ್ರಾಕ್ಟೀಸಾಗ್ತಾ ಐತೆ ಅಂತ ಹೇಳಪ್ಪಾ. ಸರ್ಯಾಗಿ ಬಂದಿಲ್ಲ."

ಆ ಪದಕ್ಕೆ ಯಾರೂ ಹಿಂದಿ ಮಾಡಬೇಕಾಗಿರಲಿಲ್ಲ. ಮೇಡಂ ತಲೆಯೆತ್ತಿ, "ಪ್ರಾಕ್ಟೀಸ್?" ಎಂದರು.

ನವೀನ್‌ಕುಮಾರ್ ಏನೋ ಹೇಳಿದ. ಹೇಳುತ್ತ ಎರಡು ಬೆರಳು ಬಡಿದು ತೋರಿಸಿದ. ಕೋಲಾಟ ಎಂಬ ಮಾತು ಕೇಳಿಸಿತು. ಮೇಡಂ ಮುಖ ಅರಳಿತು. ಹಾಗಾದರೆ ತೋರಿಸಿ ಎಂದು ಕೈ ಮಾಡಿದರು.

"ತೋರಿಸ್ತೀನಿ ಬಾರವ್ವಾ," ಎಂದು ಅಂಜಿನಮ್ಮ ಎದ್ದಳು. ಮೂಲೆಯಲ್ಲಿದ್ದ ಬಾಂಡ್ಲಿಗೆ ಮರಳು ತುಂಬಿದಳು, ಸಿಂಬೆ ಸುತ್ತಿದಳು, ಹೊತ್ತಳು. ಮೆಟ್ಟಿಲ ಕಡೆ ತಿರುಗಲಿಲ್ಲ. ಗುಡಿಯ ಹಿಂದೆ ಹೋದಳು, ಕಂಬ ದಾಟಿದಳು, ಬಂಡೆ ಇಳಿದಳು. ಮೇಡಂ ಹಿಂದೆ ಹೋದರು. ಮೇಡಂ ಹೋದ ಮೇಲೆ ಚೈತ್ರ, ನವೀನ್‌ಕುಮಾರ್, ಹನುಮಂತರಾಯಪ್ಪ ಎಲ್ಲರೂ ಹೋಗಲೇಬೇಕಾಯಿತು. ಲಂಟಾನದ ಮುಳ್ಳು ಹನುಮಂತರಾಯಪ್ಪನ ಬಿಳಿ ಪಂಚೆ ಹಿಡಿದುಕೊಂಡಿತು. ಬಿಡಿಸಿಕೊಂಡರೆ ಇನ್ನೊಂದು ಕಡೆ ಹಿಡಿಯಿತು. ಅವನು ಹುಟ್ಟಿದಾಗಿನಿಂದ ಈ ಕಡೆ ಬಂದಿರಲಿಲ್ಲ.

"ಯಜಮಾನ್ರೇ, ಕುಂಡಿ ಊರ್ಕೊಂಡು ಜಾರಿ," ಎಂದಳು ಅಂಜಿನಮ್ಮ ತಿರುಗಿ ನೋಡದೆ. "ನಾವು ಹಂಗೇ ಮಾಡೋದು."

ದಾರಿಯುದ್ದಕ್ಕೂ ಬಂಡೆಗಳ ಮೇಲೆ ಬೂದು ಬಣ್ಣದ ಚುಕ್ಕೆಗಳು. ಬಾಂಡ್ಲಿಯಿಂದ ಉದುರಿ, ಮಳೆಗೆ ನೆನೆದು, ಗಟ್ಟಿಯಾದ ಸಿಮೆಂಟು. ಯಾರೂ ಕೆರೆದು ತೆಗೆದಿರಲಿಲ್ಲ. ಅದನ್ನು ಅಳಿಸುವ ಪ್ರಾಕ್ಟೀಸು ಮಾಡಿಸಲು ಯಾರಿಗೂ ಹೊಳೆದಿರಲಿಲ್ಲ. ಕೊರಕಲಿನ ಅಂಚಿನ ಕೆಳಗೆ ಇಡೀ ಮೂಟೆ ಕಲ್ಲಾಗಿ ಬಿದ್ದಿತ್ತು. ಒಡೆದ ಬಾಯಿಯ ಹತ್ತಿರ ಒಂದು ಅಂಗೈ ಗುರುತು, ಬೆರಳು ಅಗಲಿಸಿ ಊರಿದ್ದು.

ಅಂಜಿನಮ್ಮ ಬಾಂಡ್ಲಿ ಇಳಿಸಿದಳು.

"ಇದು ನನ್ ತಮ್ಮ ಸಿದ್ದರಾಜು ಕೈ. ಇಲ್ಲಿ ಬಿದ್ದ. ಗುಡಿ ಮುಂದೆ ಮೆಟ್ಲಿತ್ತು. ಇಳಿಸ್ಕೊಂಡೋಗ್ತೀವಿ ಅಂದೆ. ತೊಳ್ಸಾಗೈತೆ ಅಂದ್ರು. ಮುರಿದ ಸೊಂಟ ಎತ್ಕೊಂಡು ಹಿಂಗೇ ಇಳಿದ್ವಿ. ಮೆಟ್ಲು ನಮಗೆ ಬಿಟ್ಟಿರೋದು ನೀನು ಬರ್ತೀಯ ಅಂತ. ನೀನು ಹೋದ್ಮೇಲೆ ಹಾಕೋಕೆ ಕೆಳಗೆ ಗೇಟು ತಂದಿಟ್ಟವ್ರೆ. ಹೋಗ್ತಾ ನೋಡ್ಕೊಂಡೋಗು."

ನವೀನ್‌ಕುಮಾರ್ ಬಾಯಿ ತೆರೆದ. ಅವನಿಗಿಂತ ಮುಂಚೆ ಚೈತ್ರ ಹಿಂದಿಯಲ್ಲಿ ಶುರುಮಾಡಿದ್ದಳು. "ಚೈತ್ರಾ," ಎಂದ ಅವನು. ಅವಳು ನಿಲ್ಲಿಸಲಿಲ್ಲ. ಗೇಟಿನ ತನಕ ಹೇಳಿ ಮುಗಿಸಿದಳು. ಆಮೇಲೆ ಅಳು ಬಂದವಳಂತೆ ಚಪ್ಪಲಿ ನೋಡಿಕೊಂಡಳು.

ಮೇಡಂ ಅಂಗೈ ಗುರುತಿನ ಫೋಟೋ ತೆಗೆದುಕೊಂಡರು. ಗೇಟಿನದೂ ತೆಗೆದುಕೊಂಡರು. ಬ್ಯಾಂಕಿಗೆ ಕಾಲೋನಿಯ ಮೇಲೆ ಕರುಣೆ ಹುಟ್ಟಿತೆಂದು ಯಾರೂ ತಿಳಿಯಬೇಕಾಗಿಲ್ಲ. ಅದಕ್ಕೆ ಹುಟ್ಟಿದ್ದು ಹೆದರಿಕೆ. ಇಂಥ ಫೋಟೋ ಪೇಪರಿನಲ್ಲಿ ಬಂದರೆ ಅದಕ್ಕೆ ದುಡ್ಡು ಕೊಡುವ ಹೊರದೇಶದವರು ಏನೆಂದಾರು ಎಂಬ ಹೆದರಿಕೆ. ಹೊರಡುವ ಮುಂಚೆ ಚೈತ್ರಳ ಬಾಯಲ್ಲಿ ಹೇಳಿಸಿದರು: ಸಾಲ ಇಲ್ಲ ಅನ್ನುವುದಿಲ್ಲ, ಸದ್ಯಕ್ಕೆ ಹೌದೂ ಅನ್ನುವುದಿಲ್ಲ. ಯಾರಾದರೂ ಮತ್ತೆ ಬರುತ್ತಾರೆ. ತಿಳಿಸಿ ಬರುವುದಿಲ್ಲ. ಹೊರುವವರನ್ನೇ ಕೇಳುತ್ತಾರೆ. ಸಿದ್ದರಾಜುವಿನ ವಿಷಯಕ್ಕೆ ಕಂಪನಿ ಉತ್ತರ ಕೊಡಬೇಕು.

"ಉತ್ತರ ತಿನ್ನೋಕಾಗ್ತದಾ ನೋಡಾನ," ಎಂದ ಸಿದ್ದರಾಜು, ಕೇಳಿದ ಮೇಲೆ. ಆದರೆ ಆ ದಿನ ಮಂಚದಿಂದ ಎದ್ದು ಕೂತ.

ಮೂರು ದಿನ ಕೆಲಸ ನಿಂತಿತು. ಕೀರ್ತನ ಮಾತು ಬಿಟ್ಟಳು. ಕೂಲಿ ಹೋಯಿತು, ಅಂಜಿನಕ್ಕನ ಬಾಯಿಂದಲೇ ಹೋಯಿತು ಎಂದು ಕಾಲೋನಿಯಲ್ಲಿ ನಾಲ್ಕು ಜನ ಅಂದರು. ನಾಲ್ಕನೇ ದಿನ ಕಂಟ್ರಾಕ್ಟರು ಹೇಳಿಕಳಿಸಿದ. ತಂತಿಯ ಗುಂಡಿಗೆ ಕಾಂಕ್ರೀಟು ಹಾಕಬೇಕು, ಬನ್ನಿ.

ಅದು ಶನಿವಾರ.

ಗೇಟು ಇನ್ನೂ ಮಂಟಪದಲ್ಲೇ ಒರಗಿತ್ತು. ಮೆಟ್ಟಿಲು ತೊಳೆದಿತ್ತು. ಅರಿಶಿನ ಕುಂಕುಮ ಹಚ್ಚಿತ್ತು. ಹಾಸುಗಲ್ಲಿಗೂ ಸ್ವಲ್ಪ ಮುಂಚೆ, ಮೆಟ್ಟಿಲು ಕಿರಿದಾಗುವ ಕಡೆ, ಹನುಮಂತರಾಯಪ್ಪ ಮೆಟ್ಟಿಲಿಗೆ ಅಡ್ಡವಾಗಿ ಕಾಲು ಚಾಚಿ ಕೂತಿದ್ದ. ಪಂಚೆ ಹೊಸದು. ಕಣಕಾಲಿನಲ್ಲಿ ಮುಳ್ಳಿನ ಗೀರು ಇನ್ನೂ ಒಣಗಿರಲಿಲ್ಲ.

ಅಂಜಿನಮ್ಮ ಮುಂದೆ. ತಲೆಯ ಮೇಲೆ ತುಂಬಿದ ಬಾಂಡ್ಲಿ. ಹಿಂದೆ ಸಾಲಾಗಿ ಹೆಂಗಸರು. ಅವರ ಹಿಂದೆ, ಮಾತು ಬಿಟ್ಟವಳ ಹಾಗೆ ಮುಖ ಮಾಡಿಕೊಂಡು, ಕೀರ್ತನ.

"ಬಂದೋದ್ಲಲ್ಲಮ್ಮಾ ಆಯಮ್ಮ," ಎಂದ ಹನುಮಂತರಾಯಪ್ಪ. "ಇನ್ನೇನ್ ಪ್ರಾಕ್ಟೀಸು?"

"ಮತ್ತೆ ಬರ್ತಾರಂತೆ."

"ಯಾವಾಗ?"

"ಹೇಳ್ಬುಟ್ಟು ಬರಲ್ವಂತೆ ಯಜಮಾನ್ರೇ. ಇವತ್ತೇ ಬಂದ್ರೂ ಬರ್ಬೋದು."

ಅವನು ಕೆಳಗೆ ರಸ್ತೆಯ ಕಡೆ ನೋಡಿದ. ರಸ್ತೆ ಖಾಲಿಯಿತ್ತು. ಗುಡ್ಡದ ಮೇಲೆ ಎರಡು ಕಂಬಗಳೂ ಗಾಳಿ ಅಳೆಯುತ್ತಿದ್ದವು.

"ಅಲ್ಲಾ, ಎಲ್ಲೀಗಂಟ ಅಂತ ಹತ್ತೀರಾ?"

"ನಿಮಗೆ ರೂಢಿ ಆಗೋಗಂಟ," ಎಂದಳು ಅಂಜಿನಮ್ಮ. "ಭಾರ ಐತೆ. ಕಾಲ್ ತೆಗೀರಿ."

ಹನುಮಂತರಾಯಪ್ಪ ಒಂದು ಕಾಲು ಮಡಚಿಕೊಂಡ. ಇನ್ನೊಂದನ್ನು ಚಾಚಿಯೇ ಇಟ್ಟ. ಅವಳ ಮುಖ ನೋಡಿದ. ದಾಟ್ತೀಯಾ ಎಂದು ಬಾಯಲ್ಲಿ ಕೇಳಲಿಲ್ಲ.

ಅಂಜಿನಮ್ಮ ಎಡಗೈಯಲ್ಲಿ ಕಂಬಿ ಹಿಡಿದಳು. ಸೀರೆ ಮೊಣಕಾಲಿಗೆ ಎತ್ತಿ ಸಿಗಿಸಿದಳು. ಮಂಡಿ ಹತ್ತುವ ಸದ್ದು ಮಾಡಿತು. ಚಾಚಿದ ಕಾಲನ್ನು ದಾಟಿ ಮೇಲಿನ ಮೆಟ್ಟಿಲಿಗೆ ಹೆಜ್ಜೆಯಿಟ್ಟಳು. ಬಾಂಡ್ಲಿಯಿಂದ ಒಂದು ಹಿಡಿ ಸಿಮೆಂಟು ಅವನ ಪಂಚೆಯ ಮೇಲೆ ಉದುರಿತು. ಬೇಕೆಂದೇ ಉದುರಿಸಿದಳೋ ಇಲ್ಲವೋ, ಅವಳಿಗೇ ಗೊತ್ತು.

ಎರಡನೆಯವಳು ಬರುವಷ್ಟರಲ್ಲಿ ಆ ಕಾಲು ಅಲ್ಲಿರಲಿಲ್ಲ.